ಐಪಿಎಕ್ಸ್ 7 ಎಂದು ಬರೆದಿದ್ದ ಮೀನುಶೋಧಕದೊಳಗೆ ನೀರು ಹೋದದ್ದು ಹೇಗೆ?

ಹಿನ್ನೀರ ಹಕ್ಕಿ

ಹೊಟ್ಟೆಯುರಿಯಿಂದ ಬರೆಯುತ್ತಿದ್ದೇನೆ, ಮಾತು ಖಾರವಾಗಿದ್ದರೆ ಕ್ಷಮಿಸಿ. ನನ್ನ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಮೇಲಿದ್ದ ಮೀನುಶೋಧಕ, ಅಂದರೆ ನೀರಿನ ಆಳವನ್ನೂ ಕೆಳಗಿರುವ ಮೀನನ್ನೂ ಪರದೆಯಲ್ಲಿ ತೋರಿಸುವ ಸಾಧನ, ಎರಡು ವಾರದ ಹಿಂದೆ ಸತ್ತುಹೋಯಿತು. ಬಿರುಗಾಳಿಗೆ ಸಿಕ್ಕಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಸಿಹಿನೀರಿನಲ್ಲಿ ಗಾಳ ಹಾಕಿ, ದಡ ಮುಟ್ಟಿ, ಇಳಿಯುವಾಗ ಕಾಲಿಗೆ ಹಗ್ಗ ಸಿಕ್ಕಿ ದೋಣಿ ಮಗುಚಿತು. ನೀರು ಮೊಣಕಾಲುದ್ದವೂ ಇರಲಿಲ್ಲ. ಎತ್ತಿ ನಿಲ್ಲಿಸಲು ಹೆಚ್ಚೆಂದರೆ ಒಂದು ನಿಮಿಷ ಹಿಡಿದಿರಬೇಕು. ಆಗಲೂ ಪರದೆ ಉರಿಯುತ್ತಲೇ ಇತ್ತು. ಸಂಜೆ ನೋಡಿದರೆ ಗಾಜಿನ ಒಳಬದಿಯಲ್ಲಿ ಮಂಜು. ಮರುದಿನ ಕೆಳಮೂಲೆಯಲ್ಲಿ ಒಂದು ಚಮಚದಷ್ಟು ನೀರು ಅತ್ತಿತ್ತ ಓಡಾಡುತ್ತಿತ್ತು. ಮೂರನೆಯ ದಿನ ಗುಂಡಿ ಒತ್ತಿದರೆ ಉತ್ತರವೇ ಇಲ್ಲ.

ಪೆಟ್ಟಿಗೆಯ ಮೇಲೆ ಐಪಿಎಕ್ಸ್ 7 ಎಂದು ದೊಡ್ಡದಾಗಿ ಬರೆದಿದೆ. ಒಂದು ಮೀಟರ್ ಆಳದಲ್ಲಿ ಮೂವತ್ತು ನಿಮಿಷ ತಡೆಯಬೇಕು. ನನ್ನದು ಅರ್ಧ ಮೀಟರೂ ಅಲ್ಲ, ಮೂವತ್ತು ನಿಮಿಷವಂತೂ ಅಲ್ಲವೇ ಅಲ್ಲ. ತಯಾರಕರಿಗೆ ಬರೆದರೆ, "ಒಳಗೆ ನೀರು ಹೋಗಿರುವುದರಿಂದ ಖಾತರಿ ಅನ್ವಯಿಸುವುದಿಲ್ಲ" ಎಂಬ ಉತ್ತರ ಬಂತು. ನೀರು ಹೋಗುವುದಿಲ್ಲ ಎಂದವರೇ ನೀರು ಹೋಗಿದೆ ಎಂಬ ಕಾರಣ ಹೇಳಿ ಕೈ ತೊಳೆದುಕೊಂಡರು.

ಹಣ ಹೋಯಿತು, ಹೋಗಲಿ. ಕಾರಣವಾದರೂ ತಿಳಿಯಬೇಕು. ಯಾರಿಗಾದರೂ ಗೊತ್ತಿದೆಯೇ?

ಮೂರನೇ ಹುಟ್ಟು

ಇದರಲ್ಲಿ ತಿಳಿಯುವುದೇನಿದೆ? ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕಯಾಕ್ ಮೇಲೆ ಕಟ್ಟಿದ ಯಾವ ಉಪಕರಣವೂ ಒಂದು ದಿನ ಮುಳುಗಿಯೇ ತೀರುತ್ತದೆ. ಮುಂದಿನ ಸಲ 7 ಬಿಟ್ಟು 8 ಎಂದು ಬರೆದಿರುವುದನ್ನು ಕೊಳ್ಳಿ. ನನ್ನದು ಐದು ವರ್ಷದಿಂದ ನಡೆಯುತ್ತಿದೆ, ಒಂದು ಸಲವೂ ಬಿಚ್ಚಿ ನೋಡಿಲ್ಲ.

ಬೆಸುಗೆ

ಕೆಟ್ಟ ಸಾಧನಗಳನ್ನು ಬಿಚ್ಚಿ ದುರಸ್ತಿ ಮಾಡುವುದು ನನ್ನ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಅಂಕಿಗಳು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60529ನೇ ಮಾನದಂಡದಿಂದ ಬಂದವು. ಮೊದಲ ಅಂಕಿ ಧೂಳಿನ ತಡೆಗೆ, ಎರಡನೆಯದು ನೀರಿನ ತಡೆಗೆ. ಮೊದಲ ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಧೂಳಿನ ದರ್ಜೆಯನ್ನು ಹೇಳಿಲ್ಲ ಎಂದಷ್ಟೇ ಅರ್ಥ. ಬಹಳ ಜನ ಎರಡನೆಯ ಅಂಕಿಯನ್ನು ಏಣಿ ಎಂದುಕೊಳ್ಳುತ್ತಾರೆ, ಮೇಲಿನ ಮೆಟ್ಟಿಲು ಹತ್ತಿದವನು ಕೆಳಗಿನವನ್ನು ದಾಟಿಯೇ ಬಂದಿರುತ್ತಾನೆ ಎಂಬಂತೆ. 6ರವರೆಗೆ ಅದು ಏಣಿಯೇ. ಅಲ್ಲಿಂದಾಚೆಗೆ ದಾರಿಯೇ ಬೇರೆ. 5 ಎಂದರೆ 6.3 ಮಿಲಿಮೀಟರ್ ಮೂತಿಯಿಂದ ನಿಮಿಷಕ್ಕೆ 12.5 ಲೀಟರ್ ಚಿಮ್ಮುವ ನೀರು, 6 ಎಂದರೆ 12.5 ಮಿಲಿಮೀಟರ್ ಮೂತಿಯಿಂದ ನಿಮಿಷಕ್ಕೆ 100 ಲೀಟರ್. ಆದರೆ 7 ಮತ್ತು 8 ಮುಳುಗಿಸುವ ಪರೀಕ್ಷೆಗಳು. ಬರೀ 7 ಎಂದು ಬರೆದಿರುವ ಸಾಧನ 5 ಮತ್ತು 6ನ್ನು ದಾಟಿದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಎರಡನ್ನೂ ದಾಟಿದ್ದರೆ ಐಪಿಎಕ್ಸ್ 6/ಐಪಿಎಕ್ಸ್ 7 ಎಂದು ಎರಡನ್ನೂ ಬರೆಯಬೇಕು. ನಿಂತ ನೀರಿನಲ್ಲಿ ನೆಮ್ಮದಿಯಾಗಿ ಕುಳಿತಿದ್ದ ಪೆಟ್ಟಿಗೆ ಕೊಳವೆಯ ನೀರು ಬಡಿದಾಗ ಸೋರಿದರೆ ಅದರಲ್ಲಿ ಸುಳ್ಳೇನೂ ಇಲ್ಲ.

8ರ ಕಥೆ ಇನ್ನೂ ತಮಾಷೆಯಾಗಿದೆ. ಅದು 7ಕ್ಕಿಂತ ಕಠಿಣವಾಗಿರಬೇಕು ಎಂದಷ್ಟೇ ನಿಯಮ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳುತ್ತಾರೆ. ಒಂದೂವರೆ ಮೀಟರಿನದೂ 8, ಹತ್ತು ಮೀಟರಿನದೂ 8. ಆದ್ದರಿಂದ ಮೂರನೇ ಹುಟ್ಟು ಅವರೇ, "8 ಕೊಳ್ಳಿ" ಎಂಬ ಸಲಹೆ ಅರ್ಧ ಸಲಹೆ.

ಇನ್ನು 7ರ ಪರೀಕ್ಷೆಯ ಸಣ್ಣಕ್ಷರಗಳು. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಒಂದು ಹನಿಯೂ ಒಳಗೆ ಹೋಗಬಾರದು ಎಂದೇನಿಲ್ಲ, ಹಾನಿ ಮಾಡುವಷ್ಟು ಹೋಗಬಾರದು ಎಂದಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸಾಧನದ ಉಷ್ಣತೆಗೂ ನೀರಿನ ಉಷ್ಣತೆಗೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಅದಕ್ಕೇ ಹಿನ್ನೀರ ಹಕ್ಕಿಯವರನ್ನು ಕೇಳುತ್ತೇನೆ. ಮಗುಚುವ ಮೊದಲು ಆ ಸಾಧನ ಎಷ್ಟು ಹೊತ್ತು ಬಿಸಿಲಿನಲ್ಲಿತ್ತು? ನೀರು ತಣ್ಣಗಿತ್ತೇ? ಅದರಲ್ಲಿ ಮೆಮೊರಿ ಕಾರ್ಡ್ ಹಾಕುವ ಬಾಗಿಲಿದೆಯೇ?

ಹಿನ್ನೀರ ಹಕ್ಕಿ

ಬೆಳಗಿನಿಂದ ಐದು ಗಂಟೆ ಬಿಸಿಲು. ಕಪ್ಪು ಪ್ಲಾಸ್ಟಿಕ್, ಮುಟ್ಟಿದರೆ ಕೈ ಸುಡುತ್ತಿತ್ತು, ಅದರ ಮೇಲೆ ಪರದೆಯ ಬೆಳಕನ್ನೂ ಪೂರ್ತಿ ಏರಿಸಿದ್ದೆ. ನೀರು ತಣ್ಣಗಿತ್ತು, ಬಿದ್ದಾಗ ಉಸಿರು ಹಿಡಿದುಕೊಳ್ಳುವಷ್ಟು. ಕಾರ್ಡಿನ ಬಾಗಿಲು ಇದೆ. ಮುಚ್ಚಿಯೇ ಇತ್ತು, ಖಂಡಿತ.

ಬೆಸುಗೆ

ಹಾಗಾದರೆ ನೀರು ತಾನಾಗಿ ಒಳಗೆ ಹೋಗಿಲ್ಲ. ನಿಮ್ಮ ಮೀನುಶೋಧಕವೇ ಅದನ್ನು ಹೀರಿಕೊಂಡಿದೆ.

ಲೆಕ್ಕ ಸುಲಭ. ಒಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಗಿನ ಒತ್ತಡಕ್ಕೆ ಸರಿಸಮನಾಗಿತ್ತು ಎಂದಿಟ್ಟುಕೊಳ್ಳಿ. ಅದು ಥಟ್ಟನೆ 20 ಡಿಗ್ರಿಗೆ ಇಳಿದರೆ, ಕೆಲ್ವಿನ್ ಲೆಕ್ಕದಲ್ಲಿ 333ರಿಂದ 293ಕ್ಕೆ ಇಳಿದಂತೆ. ಅಂದರೆ ಒತ್ತಡದಲ್ಲಿ ಶೇಕಡಾ 12ರಷ್ಟು ಇಳಿಕೆ, ಸುಮಾರು 12 ಕಿಲೋಪಾಸ್ಕಲ್. ಒಂದು ಮೀಟರ್ ನೀರಿನ ಒತ್ತಡವೇ ಸುಮಾರು 9.8 ಕಿಲೋಪಾಸ್ಕಲ್. ಮೊಣಕಾಲುದ್ದದ ನೀರಿನಲ್ಲಿ ಬಿದ್ದಿದ್ದರೂ ಆ ಪೆಟ್ಟಿಗೆಯ ಮಟ್ಟಿಗೆ ಅದು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಹೆಚ್ಚು ಆಳದಲ್ಲಿದ್ದಂತೆಯೇ. ಅದು ತಡೆಯಬೇಕಾಗಿದ್ದ ಆಳ ಅಲ್ಲಿಗೇ ಮೀರಿತು.

ಒಣಚೀಲ

ಒಂದು ಸಂಶಯ. ಪೆಟ್ಟಿಗೆಯನ್ನು ಕಾರ್ಖಾನೆಯಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಮುಚ್ಚಿರುತ್ತಾರೆ. ಬಿಸಿಲಿನಲ್ಲಿ ಒಳಗಿನ ಒತ್ತಡ ಏರುತ್ತದೆ, ನೀರಿಗೆ ಬಿದ್ದಾಗ ಇಳಿದು ಮೊದಲಿನ ಮಟ್ಟಕ್ಕೇ ಬರುತ್ತದೆ. ಹೀರುವ ಪ್ರಶ್ನೆ ಎಲ್ಲಿಂದ ಬಂತು? ಗಾಳಿಯೇ ಆಡದಂತೆ ಮುಚ್ಚಿದ್ದರೆ ನಿಮ್ಮ 60 ಡಿಗ್ರಿಯ ಸರಿಸಮ ಎಂಬುದೇ ಹುಟ್ಟುವುದಿಲ್ಲವಲ್ಲ?

ಬೆಸುಗೆ

ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಪೂರ್ತಿ ಮುಚ್ಚಿದ್ದರೆ ನೀವು ಹೇಳಿದಂತೆಯೇ ಆಗುತ್ತಿತ್ತು. ಆದರೆ ಈ ಪೆಟ್ಟಿಗೆಗಳು ಉಸಿರಾಡುತ್ತವೆ. ಕೆಲವಕ್ಕೆ ಬೇಕೆಂದೇ ಹಿಂಬದಿಯಲ್ಲಿ ಒಂದು ಸಣ್ಣ ರಂಧ್ರ ಇಟ್ಟು, ಅದರ ಮೇಲೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳು ಪೊರೆ ಅಂಟಿಸಿರುತ್ತಾರೆ. ಹಿಗ್ಗಿಸಿದ ಪಿಟಿಎಫ್ಇ ಎಂಬ ವಸ್ತು, ಮಳೆ ಅಂಗಿಗಳಲ್ಲಿ ಬರುವ ಗೋರ್‌ಟೆಕ್ಸ್‌ನ ಬಂಧು. ರಂಧ್ರವೇ ಇಲ್ಲದವುಗಳಲ್ಲೂ ರಬ್ಬರಿನ ಸಂದುಗಳಿಂದ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಗಾಳಿ ನುಸುಳುತ್ತದೆ. ಐದು ಗಂಟೆ ಬಿಸಿಲಿನಲ್ಲಿ ಕುಳಿತರೆ ಹೆಚ್ಚುವರಿ ಗಾಳಿ ನಿಧಾನವಾಗಿ ಹೊರಬಿದ್ದು ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ. ನಿಧಾನವಾಗಿ ತಣ್ಣಗಾದರೆ ಅದೇ ದಾರಿಯಲ್ಲಿ ಗಾಳಿ ಮರಳಿ ಒಳಗೆ ಬರುತ್ತದೆ, ತೊಂದರೆಯಿಲ್ಲ. ನೀರಿಗೆ ಬಿದ್ದರೆ ಆ ರಂಧ್ರದ ಬಾಯಲ್ಲಿ ಗಾಳಿಯೇ ಇಲ್ಲ, ನೀರಿದೆ. ಪೊರೆ ನೀರನ್ನು ಬಿಡುವುದಿಲ್ಲ. ಆಗ ಒಳಗಿನ ಎಳೆತವೆಲ್ಲ ಬೇರೆ ಸಂದುಗಳ ಮೇಲೆ ಬೀಳುತ್ತದೆ, ಎಲ್ಲಿ ದುರ್ಬಲವೋ ಅಲ್ಲಿಂದ ನೀರು ಬರುತ್ತದೆ.

ನಾನು ಬಿಚ್ಚಿ ನೋಡಿದವುಗಳಲ್ಲಿ ಆ ದುರ್ಬಲ ಜಾಗ ಹೆಚ್ಚಾಗಿ ಕಾರ್ಡಿನ ಬಾಗಿಲು. ಗಾಜಿನ ಅಂಚನ್ನು ಯಂತ್ರ ಅಂಟಿಸಿರುತ್ತದೆ. ಬಾಗಿಲನ್ನು ಮುಚ್ಚುವವರು ನಾವು.

ಆ ಉಸಿರಾಟದ ರಂಧ್ರದ ಬಗ್ಗೆ ಇನ್ನೊಂದು ಮಾತು. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮ್, ಒಣಗಿದ ಉಪ್ಪು, ಮೀನಿನ ಲೋಳೆ, ಇವೆಲ್ಲ ಅದನ್ನು ಮುಚ್ಚಿಬಿಡುತ್ತವೆ. ಆಗ ಸಾಧನ ದಿನವಿಡೀ ರಬ್ಬರಿನ ಸಂದುಗಳಿಂದಲೇ ಉಸಿರಾಡಬೇಕಾಗುತ್ತದೆ. ಸೂಜಿಯಿಂದ ಚುಚ್ಚಿ ಬಿಡಿಸಲು ಹೋಗಬೇಡಿ, ಹಾಗೆ ಮಾಡಿದವರನ್ನು ನೋಡಿದ್ದೇನೆ. ಮೆತ್ತನೆಯ ಬ್ರಷ್, ಸಿಹಿನೀರು, ಅಷ್ಟೇ.

ಉಪ್ಪುಗಾಳಿ

ಬೆಸುಗೆ ಅವರು ಹೇಳಿದ್ದೆಲ್ಲ ಸರಿ. ಆದರೆ ನಾನು ಕಡಲಿನವನು. ಕಡಲಿನಲ್ಲಿ ಪೆಟ್ಟಿಗೆ ಸಾಯುವ ಮೊದಲು ಅದರ ಪ್ಲಗ್ ಸಾಯುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಕಳೆದುಕೊಂಡ ನಾಲ್ಕು ಸಾಧನಗಳಲ್ಲಿ ಮೂರು ಹಾಗೇ ಹೋದವು, ಒಳಗೆ ಒಂದು ಹನಿ ನೀರಿಲ್ಲದೆ.

ಎಲ್ಲರೂ ಮಾಡುವ ತಪ್ಪು ಏನೆಂದರೆ, ಪರದೆಯ ಗುಂಡಿ ಒತ್ತಿ ಆರಿಸಿ, ಸಾಧನವನ್ನು ಕಳಚಿ ಚೀಲಕ್ಕೆ ಹಾಕಿ, ತಂತಿಯನ್ನು ದೋಣಿಯಲ್ಲೇ ಬಿಡುವುದು. ಗುಂಡಿ ಆರಿಸಿದರೆ ಪರದೆ ಆರಿತು ನಿಜ, ತಂತಿಯ ತುದಿಯಲ್ಲಿ 12 ವೋಲ್ಟ್ ಹಾಗೇ ಇದೆ. ಆ ತುದಿ ದೋಣಿಯ ತಳದ ಉಪ್ಪುನೀರಿನ ಮಡುವಿನಲ್ಲಿ ಬಿದ್ದಿರುತ್ತದೆ. ನೀರನ್ನು ಒಡೆಯಲು ಒಂದೂವರೆ ವೋಲ್ಟ್ ಸಾಕು, ಇಲ್ಲಿ ಅದರ ಎಂಟು ಪಟ್ಟು ಇದೆ. ಧನ ತುದಿಯ ಲೋಹ ಕರಗಿ ನೀರಿಗೆ ಇಳಿಯುತ್ತದೆ. ಮೊದಲು ಚಿನ್ನದ ಲೇಪ ಎಲ್ಲಿ ಗೀರಿದೆಯೋ ಅಲ್ಲಿ ಹಸಿರು ಕಿಲುಬು, ಆಮೇಲೆ ಕಡ್ಡಿಯೇ ಇಲ್ಲ. ಪ್ಲಗ್ ನೋಡಿ, ಒಂದೇ ಒಂದು ಕಡ್ಡಿ ಸವೆದು ಉಳಿದವು ಹೊಸದರಂತಿದ್ದರೆ ಅದು ಧನ ಕಡ್ಡಿ ಎಂದು ಕಣ್ಣು ಮುಚ್ಚಿ ಹೇಳಬಹುದು.

ಮಾಡಬೇಕಾದದ್ದು ಒಂದೇ: ಸ್ವಿಚ್ಚನ್ನು ಬ್ಯಾಟರಿಯ ಬಳಿ ಇಡಿ. ನೀರಿನಿಂದ ಮೇಲೆ ಬಂದೊಡನೆ, ಏನನ್ನೂ ಕಳಚುವ ಮೊದಲು, ಅದನ್ನು ಆರಿಸಿ. ಫ್ಯೂಸ್ ಕೂಡ ಅಲ್ಲೇ ಇರಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನದು. ಬರಿ ತಂತಿ ತಾಗಿದರೆ ಸಣ್ಣ ಬ್ಯಾಟರಿಯೂ ತಂತಿಯ ಹೊದಿಕೆಯನ್ನು ಕರಗಿಸುವಷ್ಟು ವಿದ್ಯುತ್ತನ್ನು ಹರಿಸುತ್ತದೆ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಕುಡಿಯುವ ನೀರಿಗಿಂತ ನೂರು ಪಟ್ಟಿಗೂ ಮಿಗಿಲಾಗಿ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಒಣಗಿದರೂ ಬಿಡುವುದಿಲ್ಲ. ಅದರಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಹಸಿಯಾಗುತ್ತದೆ. ಆದ್ದರಿಂದ ಒರೆಸಿದರೆ ಸಾಲದು, ತೊಳೆಯಬೇಕು. ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ, ಒತ್ತಡದ ಯಂತ್ರ ಹಿಡಿಯಬೇಡಿ. ಬೆಸುಗೆ ಅವರು ಹೇಳಿದ 5 ಮತ್ತು 6ರ ಮಾತು ಅಲ್ಲೇ ಬರುತ್ತದೆ. ವಾಹನದ ಮೇಲೆ ದೋಣಿ ಹೇರಿದಾಗಲೂ ಸಾಧನವನ್ನು ಅದರ ಮೇಲೆ ಬಿಡಬೇಡಿ, ಓಟದ ವೇಗದಲ್ಲಿ ಎದುರಾಗುವ ಮಳೆ ಬರೀ ಎರಚಲಲ್ಲ.

ಅಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬಂದು ಬಡಿಯುವ ನೀರಿನ ಒತ್ತಡ ಒಂದೂಕಾಲು ಮೀಟರ್ ಆಳದ ಒತ್ತಡಕ್ಕೆ ಸಮ. ಒಡೆಯುವ ಅಲೆಗಳ ನಡುವೆ ದಡ ಹತ್ತುವಾಗ ನನ್ನ ಸಾಧನ ದೋಣಿಯ ಮೇಲಿರುವುದಿಲ್ಲ, ಕಳಚಿ ಒಳಗಿಟ್ಟಿರುತ್ತೇನೆ. ಕೊನೆಯ ಐವತ್ತು ಮೀಟರಿನಲ್ಲಿ ಮೀನು ಹುಡುಕುವ ಅಗತ್ಯ ಯಾರಿಗೂ ಇರುವುದಿಲ್ಲ.

ಗಾಳದ ನೂಲು

ನಾನು ಹೊಸಬ. ಟ್ರಾನ್ಸ್‌ಡ್ಯೂಸರ್ (ನೀರೊಳಗೆ ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗ) ಬಗ್ಗೆ ಯಾರೂ ಮಾತಾಡಿಲ್ಲ, ಅದು ಯಾವಾಗಲೂ ನೀರೊಳಗೇ ಇರುತ್ತದಲ್ಲ? ಇನ್ನೊಂದು, ಬ್ಯಾಟರಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಇಟ್ಟು ಚಾರ್ಜ್ ಮಾಡುವಾಗಲೂ ಮುಚ್ಚಿಯೇ ಇಡುತ್ತಿದ್ದೇನೆ. ಸರಿಯೇ?

ಉಪ್ಪುಗಾಳಿ

ಟ್ರಾನ್ಸ್‌ಡ್ಯೂಸರಿನ ಒಳಗೆ ಖಾಲಿ ಜಾಗವೇ ಇಲ್ಲ, ಪೂರ್ತಿ ರಾಳ ತುಂಬಿರುತ್ತಾರೆ. ನೀರು ಹೋಗಲು ಜಾಗವಿದ್ದರೆ ತಾನೆ? ಅದರ ತಂತಿಯ ಹೊದಿಕೆ ಮಾತ್ರ ಹರಿಯದಂತೆ ನೋಡಿಕೊಳ್ಳಿ. ಹೊದಿಕೆ ಒಂದು ಕಡೆ ಸೀಳಿದರೆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಎಳೆಗಳ ನಡುವೆ ಏರಿ, ಮೊಳಗಟ್ಟಲೆ ದೂರದ ಪ್ಲಗ್ಗಿಗೆ ತಲುಪುತ್ತದೆ.

ಬ್ಯಾಟರಿಯ ವಿಷಯಕ್ಕೆ ಬೆಸುಗೆ ಉತ್ತರಿಸಲಿ. ನನಗೆ ಓದುವಾಗಲೇ ಎದೆ ಹಾರಿತು.

ಬೆಸುಗೆ

ಗಾಳದ ನೂಲು ಅವರೇ, ಈಗಲೇ ಮುಚ್ಚಳ ತೆಗೆಯಿರಿ. ಸೀಸ-ಆಮ್ಲದ ಬ್ಯಾಟರಿಗೆ "ಮುಚ್ಚಿದ ಬ್ಯಾಟರಿ" ಎಂಬ ಹೆಸರಿದ್ದರೂ ಅದರಲ್ಲಿ ಒತ್ತಡ ಬಿಡುವ ಕವಾಟವಿದೆ. ಅತಿಯಾಗಿ ಚಾರ್ಜ್ ಆದರೆ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೆ ಒಂದು ಕಿಡಿ ಸಾಕು. ಸಣ್ಣ ಪೆಟ್ಟಿಗೆಯಲ್ಲಿ ಆ ಪ್ರಮಾಣ ಮುಟ್ಟಲು ಹೆಚ್ಚು ಅನಿಲ ಬೇಕಾಗಿಲ್ಲ. ಚಾರ್ಜ್ ಮಾಡುವುದು ಯಾವಾಗಲೂ ತೆರೆದ ಜಾಗದಲ್ಲಿ, ಬ್ಯಾಟರಿಯನ್ನು ಪೆಟ್ಟಿಗೆಯಿಂದ ಹೊರತೆಗೆದು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಸಾಮಾನ್ಯ ಬಳಕೆಯಲ್ಲಿ ಈ ಅನಿಲದ ಕಾಟವಿಲ್ಲ, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಯಾವುದೇ ಲಿಥಿಯಂ ಬ್ಯಾಟರಿ ಉಪ್ಪುನೀರಿನಲ್ಲಿ ಮುಳುಗಿದ್ದರೆ ಅದನ್ನು ಒಣಗಿಸಿ ಮತ್ತೆ ಚಾರ್ಜ್ ಮಾಡುವ ಸಾಹಸ ಬೇಡ. ಒಳಗಿನ ರಕ್ಷಣಾ ಫಲಕ ಕಿಲುಬು ಹಿಡಿದು ದಿನಗಳ ನಂತರವೂ ಬೆಂಕಿ ಹೊತ್ತಿಕೊಳ್ಳಬಹುದು. ಮನೆಯ ಹೊರಗೆ, ಸುಡುವ ವಸ್ತುಗಳಿಂದ ದೂರ ಇಟ್ಟು, ವಿಲೇವಾರಿಗೆ ಕೊಡಿ.

ಪೆಟ್ಟಿಗೆ ಸೋರುತ್ತದೆಯೇ ಎಂದು ತಿಳಿಯುವ ಉಪಾಯ ಹೇಳುತ್ತೇನೆ. ಬ್ಯಾಟರಿ ತೆಗೆದು ಖಾಲಿ ಪೆಟ್ಟಿಗೆಯನ್ನು ನೆರಳಿನಲ್ಲಿ ಮುಚ್ಚಿ, ಕೈ ಇಡಬಹುದಾದಷ್ಟು ಬೆಚ್ಚನೆಯ ನೀರಿನಲ್ಲಿ ಒತ್ತಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ, ಎಲ್ಲಿ ಸಂದಿದೆಯೋ ಅಲ್ಲಿಂದ ಗುಳ್ಳೆ ಏಳುತ್ತದೆ. ಹಿನ್ನೀರ ಹಕ್ಕಿಯ ಸಾಧನ ನೀರು ಹೀರಿದ ಕಥೆಯನ್ನೇ ತಿರುಗಿಸಿದಂತೆ. ಮೀನುಶೋಧಕದ ಮೇಲೆ ಮಾತ್ರ ಇದನ್ನು ಮಾಡಬೇಡಿ, ತಣ್ಣಗಾಗುವಾಗ ಗುಳ್ಳೆ ಹೋದ ದಾರಿಯಲ್ಲೇ ನೀರು ಬರುತ್ತದೆ.

ಒಣಚೀಲ

ನಾನು ಈ ತಲೆನೋವೇ ಬೇಡವೆಂದು ಸಾಧನದ ಅಂಚು, ಪ್ಲಗ್ಗಿನ ಬುಡ, ಪೆಟ್ಟಿಗೆಯಲ್ಲಿ ತಂತಿ ತೂರುವ ರಂಧ್ರ ಎಲ್ಲಕ್ಕೂ ಸಿಲಿಕೋನ್ ಅಂಟು ಬಳಿದಿದ್ದೇನೆ. ಒಂದು ವರ್ಷವಾಯಿತು, ನೀರು ಬಂದಿಲ್ಲ. ಪ್ಲಗ್ಗಿನಲ್ಲಿ ಮಾತ್ರ ಹಸಿರು ಕಾಣುತ್ತಿದೆ. ಉಪ್ಪುನೀರಿಗೆ ನಾನು ಹೋಗುವುದೇ ಇಲ್ಲ, ಅದೇ ಆಶ್ಚರ್ಯ.

ಬೆಸುಗೆ

ಬಳಿಯುವಾಗ ವಿನಿಗರ್ ವಾಸನೆ ಬಂದಿತ್ತೇ?

ಒಣಚೀಲ

ಬಂದಿತ್ತು. ಎರಡು ದಿನ ಕೋಣೆಯೆಲ್ಲ ಅದೇ ವಾಸನೆ.

ಬೆಸುಗೆ

ಅದು ಅಸಿಟಿಕ್ ಆಮ್ಲ. ಆ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲವನ್ನು ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ನಿಮ್ಮ ಪ್ಲಗ್ಗಿನ ಕಥೆ. ಅಂಟು ಬೇಕೇ ಬೇಕೆಂದರೆ ಆಮ್ಲ ಬಿಡದ ತಟಸ್ಥ ಬಗೆಯದನ್ನು ತನ್ನಿ. ತಂತಿಯ ಜೋಡಣೆಗೆ, ಒಳಗೆ ಅಂಟು ಲೇಪಿಸಿದ, ಬಿಸಿ ತಾಗಿದರೆ ಕುಗ್ಗುವ ಕೊಳವೆ ಇನ್ನೂ ಒಳ್ಳೆಯದು. ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕರೆ ಬಿಡಬೇಡಿ, ಬರಿಯ ತಾಮ್ರದಷ್ಟು ಬೇಗ ಕಪ್ಪಾಗುವುದಿಲ್ಲ.

ಸಾಧನದ ಅಂಚಿಗೆ ಬಳಿದಿದ್ದೀರಿ ಎಂದಿರಿ. ಹಿಂಬದಿಯ ಉಸಿರಾಟದ ರಂಧ್ರಕ್ಕೂ ಬಳಿದಿದ್ದೀರಾ ಎಂದು ಕೇಳಲು ಭಯವಾಗುತ್ತಿದೆ.

ಒಣಚೀಲ

ಕೇಳಬೇಡಿ.

ಗಾಳದ ನೂಲು

ಹಾಗಾದರೆ ಪ್ಲಗ್ಗಿಗೆ ಗ್ರೀಸ್ ಹಚ್ಚಬಹುದೇ? ಗ್ರೀಸ್ ವಿದ್ಯುತ್ತನ್ನು ತಡೆಯುತ್ತದೆ, ಹಚ್ಚಿದರೆ ಸಾಧನ ಹೊತ್ತಿಕೊಳ್ಳುವುದಿಲ್ಲ ಎಂದು ಎಲ್ಲೋ ಓದಿದ್ದೆ.

ಉಪ್ಪುಗಾಳಿ

ತಡೆಯುತ್ತದೆ ಎಂಬುದು ನಿಜ, ಬೇಕಾಗಿರುವುದೂ ಅದೇ. ಕಡ್ಡಿ ಗೂಡಿಗೆ ಸೇರುವಾಗ ಲೋಹ ಲೋಹವನ್ನು ಉಜ್ಜಿ ಗ್ರೀಸನ್ನು ಪಕ್ಕಕ್ಕೆ ತಳ್ಳುತ್ತದೆ, ಸಂಪರ್ಕಕ್ಕೆ ತೊಂದರೆಯಿಲ್ಲ. ಸುತ್ತಲಿನ ಖಾಲಿ ಜಾಗದಲ್ಲಿ ಗ್ರೀಸ್ ತುಂಬಿ ನೀರಿಗೆ ಜಾಗವಿಲ್ಲದಂತಾಗುತ್ತದೆ. ಡೈಎಲೆಕ್ಟ್ರಿಕ್ ಗ್ರೀಸ್ ಎಂದು ಕೇಳಿ. ತೆಳುವಾಗಿ ಹಚ್ಚಿ, ಗಿಡಿಯಬೇಡಿ. ಹಚ್ಚುವ ಮೊದಲು ಪ್ಲಗ್ ತೊಳೆದು ಪೂರ್ತಿ ಒಣಗಿರಬೇಕು, ಇಲ್ಲವಾದರೆ ಉಪ್ಪನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ.

ರಬ್ಬರ್ ಬಳೆಗಳಿಗೂ ಅದನ್ನೇ ಹಚ್ಚುವ ಮೊದಲು ಬಳೆ ಯಾವುದರದು ಎಂದು ನೋಡಿ. ಸಿಲಿಕೋನ್ ಬಳೆಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಊದಿ ಹಾಳಾಗುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಕೆಲವು ರಬ್ಬರುಗಳಿಗೆ ಆಗದು. ಕೈಪಿಡಿ ಹೇಳದಿದ್ದರೆ ಏನೂ ಹಚ್ಚದೆ ಒರೆಸಿ ಬಿಡುವುದೇ ಲೇಸು. ಸೊಳ್ಳೆ ಓಡಿಸುವ ಡೀಟ್ ಇರುವ ಎಣ್ಣೆ ಹಚ್ಚಿಕೊಂಡ ಕೈಯಿಂದ ಪರದೆ ಮುಟ್ಟುವವರಿಗೂ ಒಂದು ಮಾತು: ಅದು ಪ್ಲಾಸ್ಟಿಕನ್ನು ಕರಗಿಸುತ್ತದೆ. ನನ್ನ ಹಳೆಯ ಸಾಧನದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಇಂದಿಗೂ ಇದೆ, ಅಚ್ಚೊತ್ತಿದಂತೆ.

ಮೌನಕೊಳ

ನಾನು ಮೂವತ್ತು ವರ್ಷದಿಂದ ನೂಲಿಗೆ ಸೀಸದ ಗುಂಡು ಕಟ್ಟಿ ಆಳ ಅಳೆಯುತ್ತಿದ್ದೇನೆ. ಅದಕ್ಕೆ ಐಪಿ ಅಂಕಿ ಬೇಕಾಗಿಲ್ಲ. ಸುಮ್ಮನೆ ಹೇಳಿದೆ, ಯಾರೂ ಕೋಪಿಸಿಕೊಳ್ಳಬೇಡಿ. ಆದರೆ ಇತ್ತೀಚೆಗೆ ಮನೆಯವರು ಮೊಬೈಲ್ ಇಲ್ಲದೆ ನೀರಿಗೆ ಇಳಿಯಲು ಬಿಡುತ್ತಿಲ್ಲ. ಅದರ ಮೇಲೆ ಐಪಿ 68 ಎಂದಿದೆ. ಸಾಕೇ?

ಉಪ್ಪುಗಾಳಿ

ನಿಮ್ಮ ಸೀಸದ ಗುಂಡಿಗೆ ನಮಸ್ಕಾರ. ಮೊಬೈಲ್ ಒಳಗೆ ನೀರು ಹೋಗದಿದ್ದರೂ ಒದ್ದೆ ಬೆರಳಿಗೆ ಅದರ ಪರದೆ ಮಾತು ಕೇಳುವುದಿಲ್ಲ. ಉಪ್ಪುನೀರು ಹನಿದ ಪರದೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ. ಪಾರದರ್ಶಕ ಚೀಲದಲ್ಲಿಟ್ಟು, ಚೀಲದ ಮೇಲಿನಿಂದಲೇ ಕರೆ ಮಾಡಲು ಬರುತ್ತದೆಯೇ ಎಂದು ಮನೆಯಲ್ಲೇ ನೋಡಿ. ಬಿದ್ದು, ಕೆಲವು ಸಲ ನೆನೆದು, ಎರಡು ವರ್ಷ ಹಳೆಯದಾದ ಮೊಬೈಲಿನ ತಡೆ ಹೊಸದರಂತೆ ಇರುವುದಿಲ್ಲ. ಒದ್ದೆಯಿರುವಾಗ ಚಾರ್ಜರ್ ಚುಚ್ಚಬೇಡಿ, ನಾನು ಮೇಲೆ ಹೇಳಿದ ಧನ ಕಡ್ಡಿಯ ಗತಿಯೇ ಅದಕ್ಕೂ.

ಕಡಲಿಗೆ ಹೋಗುವವರಿಗೆ ಮೊಬೈಲ್ ಸಾಲದು. ದೋಣಿ, ಹಡಗುಗಳವರು ಮಾತಾಡಲು ಬಳಸುವ, ತೇಲುವ ವಿಎಚ್ಎಫ್ ರೇಡಿಯೊ ಬೇಕು, ತುರ್ತು ಕರೆಗೆ 16ನೇ ಚಾನೆಲ್. ಅದು ಇರಬೇಕಾದದ್ದು ಮೈಮೇಲಿನ ಜೀವರಕ್ಷಕ ಅಂಗಿಯಲ್ಲಿ. ದೋಣಿಗೆ ಕಟ್ಟಿದರೆ ಮಗುಚಿದಾಗ ದೋಣಿ ಗಾಳಿಗೆ ಹೋಗುತ್ತದೆ, ಅದರ ಜೊತೆ ರೇಡಿಯೊ ಕೂಡ. ನೀರಿನಿಂದ ಎತ್ತಿದೊಡನೆ ದನಿ ಕೇಳದಿದ್ದರೆ ಗಾಬರಿಯಾಗಬೇಡಿ. ಸ್ಪೀಕರಿನ ಜಾಲರಿಯಲ್ಲಿ ನೀರು ನಿಂತಿರುತ್ತದೆ, ಮುಖ ಕೆಳಗೆ ಮಾಡಿ ಕೊಡವಿ. 406 ಮೆಗಾಹರ್ಟ್ಸ್‌ನ ವೈಯಕ್ತಿಕ ತುರ್ತು ಬೀಕನ್ (ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ ಸಾಧನ) ಇದ್ದರೆ ಅದೂ ಮೈಮೇಲೆಯೇ. ಕೆಲವು ಬೀಕನ್‌ಗಳು ತೇಲುವುದಿಲ್ಲ, ದಾರ ಕಟ್ಟಿ.

ಮೂರನೇ ಹುಟ್ಟು

ಸಾಹಸಚಿತ್ರ ತೆಗೆಯುವ ಕ್ಯಾಮೆರಾ ಬಗ್ಗೆ ನಾನೇ ಹೇಳುತ್ತೇನೆ, ಇಲ್ಲದಿದ್ದರೆ ನನ್ನನ್ನು ಬರೀ ಬಾಯಿಬಡುಕ ಎಂದುಕೊಳ್ಳುತ್ತೀರಿ. ಗೋಪ್ರೊ ಹೀರೊ 5ರಿಂದೀಚೆಗಿನ ಹೆಚ್ಚಿನ ಮಾದರಿಗಳಿಗೆ ಹೊರಗವಚವಿಲ್ಲದೆಯೇ ಹತ್ತು ಮೀಟರ್ ಎನ್ನುತ್ತಾರೆ. ಅದು ಬಾಗಿಲುಗಳು ಮುಚ್ಚಿದ್ದರೆ ಮಾತ್ರ. ದಿನವಿಡೀ ಓಡಲಿ ಎಂದು ಬಾಗಿಲು ತೆಗೆದು ಪವರ್ ಬ್ಯಾಂಕಿನ ತಂತಿ ಚುಚ್ಚಿದಿರೋ, ಹತ್ತು ಮೀಟರ್ ಹೋಗಿ ಹತ್ತು ಹನಿಗೂ ತಡೆಯದು. ಹೇಗೆ ಗೊತ್ತು ಎಂದು ಕೇಳಬೇಡಿ.

ಹಿನ್ನೀರ ಹಕ್ಕಿ

ನೀವೆಲ್ಲ ಬರೆದದ್ದನ್ನು ಓದಿ ಧೈರ್ಯ ಮಾಡಿ ಬಿಚ್ಚಿದೆ. ಖಾತರಿ ಹೇಗೂ ಇಲ್ಲ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದರೂ ಆಗಲಿ ಎಂದು.

ಕಾರ್ಡಿನ ಬಾಗಿಲಿನ ರಬ್ಬರಿನ ಕೆಳಗೆ ಒಂದು ನೈಲಾನ್ ನೂಲಿನ ತುಂಡು ಸಿಕ್ಕಿಕೊಂಡಿತ್ತು. ಅರ್ಧ ಬೆರಳಿನಷ್ಟು ಉದ್ದ, ಕೂದಲಿಗಿಂತ ತುಸು ದಪ್ಪ. ಗಂಟು ಹಾಕಿದ ಮೇಲೆ ಕತ್ತರಿಸಿ ಬಿಸಾಡಿದ ತುದಿ. ದೋಣಿಯಲ್ಲೇ ಕುಳಿತು ನಕ್ಷೆಯ ಕಾರ್ಡ್ ಬದಲಿಸಿದ್ದು ಈಗ ನೆನಪಾಗುತ್ತಿದೆ. ಮುಚ್ಚಿದ್ದೆ ಎಂದೆನಲ್ಲ, ಮುಚ್ಚಿದ್ದೂ ನಿಜ. ಬಾಗಿಲಿನಿಂದ ಒಳಗಿನ ಫಲಕದವರೆಗೆ ನೀರು ಹರಿದ ಗೆರೆ ಒಣಗಿ ನಿಂತಿದೆ. ಹಿಂಬದಿಯ ರಂಧ್ರದ ಸುತ್ತ ಬಿಳಿಯ ಪದರ, ಬಿಸಿಲಿನ ಕ್ರೀಮೇ ಇರಬೇಕು. ದೋಣಿ ಎತ್ತುವಾಗಲೆಲ್ಲ ನನ್ನ ಕೈ ತಾಗುವುದು ಅಲ್ಲಿಗೇ.

ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಫಲಕ ತೊಳೆದು ನಾಲ್ಕು ದಿನ ನೆರಳಿನಲ್ಲಿ ಗಾಳಿಗೆ ಇಟ್ಟೆ. ಅಕ್ಕಿಯ ಡಬ್ಬಿಯಲ್ಲಿ ಹೂಳು ಎಂದು ಮೂರು ಜನ ಹೇಳಿದರು, ಕೇಳಲಿಲ್ಲ. ಇವತ್ತು ಬೆಳಿಗ್ಗೆ ಪರದೆ ಹೊತ್ತಿಕೊಂಡಿತು! ಎರಡು ಗುಂಡಿಗಳು ಮಾತ್ರ ಕೆಲಸ ಮಾಡುತ್ತಿಲ್ಲ.

ಇನ್ನು ಮುಂದೆ ದಡ ಸೇರುವ ಹತ್ತು ನಿಮಿಷ ಮೊದಲು ಅದನ್ನು ಆರಿಸಿ ಮೇಲೆ ಒದ್ದೆ ಬಟ್ಟೆ ಹೊದಿಸೋಣ ಎಂದಿದ್ದೇನೆ. ಗಾಳಿಯಲ್ಲೇ ತಣ್ಣಗಾಗಲಿ. ಸರಿಯೇ, ಬೆಸುಗೆ ಅವರೇ?

ಬೆಸುಗೆ

ಸರಿ, ಆದರೆ ಬಟ್ಟೆ ಮುಂಬದಿಗೆ ಮಾತ್ರ. ಹಿಂಬದಿಯ ರಂಧ್ರಕ್ಕೆ ಒದ್ದೆ ಬಟ್ಟೆ ಅಂಟಿದರೆ ಮತ್ತೆ ಅದೇ ಕಥೆ. ಮಧ್ಯಾಹ್ನ ಮೀನು ಸಿಗದೆ ಸುಮ್ಮನೆ ಕುಳಿತಾಗ ಬಿಳಿ ಬಟ್ಟೆಯ ನೆರಳು ಮಾಡಿದರೆ ಅಷ್ಟು ಬಿಸಿಯೂ ಆಗುವುದಿಲ್ಲ. ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಜೋಡಿಸುವಾಗ ಹಳೆಯ ರಬ್ಬರನ್ನೇ ಹಾಕಬೇಡಿ, ಅದು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ. ಈಗ ಅದು ಐಪಿಎಕ್ಸ್ 7 ಅಲ್ಲ ಎಂದೇ ತಿಳಿದು ಬಳಸಿ. ಮಳೆ ತಡೆದರೆ ದೊಡ್ಡದು.

ಕೆಲಸ ಮಾಡದ ಎರಡು ಗುಂಡಿಗಳು ಯಾವುವು?

ಹಿನ್ನೀರ ಹಕ್ಕಿ

ಒಂದು ಬೆಳಕು ತಗ್ಗಿಸುವುದು. ಇನ್ನೊಂದು ಆರಿಸುವುದು. ಬ್ಯಾಟರಿಯ ಬಳಿ ಸ್ವಿಚ್ ಹಾಕಲೇಬೇಕಾಯಿತು, ಉಪ್ಪುಗಾಳಿಯವರ ಮಾತು ಹೀಗಾದರೂ ನಡೆಯಿತು.

ಮೂರನೇ ಹುಟ್ಟು

ಈಗಷ್ಟೇ ಹೋಗಿ ನನ್ನದರ ಬಾಗಿಲು ತೆರೆದೆ, ಐದು ವರ್ಷದಲ್ಲಿ ಮೊದಲ ಸಲ. ರಬ್ಬರಿನ ಮೇಲೆ ಒಂದು ಮೀನಿನ ಹುರುಪೆ ಒಣಗಿ ಅಂಟಿಕೊಂಡಿದೆ. ಉಗುರಿನಿಂದ ಕೆರೆದು ತೆಗೆಯಬಹುದೇ, ಅಥವಾ ರಬ್ಬರ್ ಹರಿಯುತ್ತದೆಯೇ?

ಬೆಸುಗೆ

ಉಗುರು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಹತ್ತು ನಿಮಿಷ ಅದರ ಮೇಲಿಡಿ, ತಾನೇ ಬಿಡುತ್ತದೆ. ಕಾರ್ಡನ್ನು ಮೊದಲು ಹೊರತೆಗೆಯಿರಿ.